ಟ್ರ್ಯಾಕ್ಟರಿಗೆ ಮನೆಯಲ್ಲೇ ಕಟ್ಟಿಕೊಳ್ಳುವ ದಾರಿಸೂಚಕ ಗಣಕಯಂತ್ರ

ಬಿತ್ತನೆಯ ಸಾಲು ಕಣ್ಣಿಗೆ ಕಾಣುತ್ತದೆ, ಸಿಂಪರಣೆಯ ಸಾಲು ಕಾಣುವುದಿಲ್ಲ. ಕೂರಿಗೆ ಹೋದ ದಾರಿ ನೆಲದ ಮೇಲೆ ಮೂಡಿರುತ್ತದೆ. ಮುಂದಿನ ಸುತ್ತಿಗೆ ಅದೇ ಗುರುತು. ಆದರೆ ಬಿತ್ತಿದ ಎರಡು ಮೂರು ದಿನಗಳೊಳಗೆ, ಬೆಳೆ ಇನ್ನೂ ಮೊಳೆಯುವ ಮುನ್ನ, ಕಡಲೆಗೆ ಪೆಂಡಿಮೆಥಾಲಿನ್ ಅಥವಾ ಗೋವಿನ ಜೋಳಕ್ಕೆ ಅಟ್ರಜಿನ್ ಸಿಂಪಡಿಸುವಾಗ ಬರಿಯ ನೆಲದ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. ಚಾಲಕನು ಗಾಲಿಯ ಅಚ್ಚು ನೋಡಿಕೊಂಡು ಅಂದಾಜಿನ ಮೇಲೆ ಹೋಗುತ್ತಾನೆ. ನಡುವೆ ಬಿಟ್ಟುಹೋದರೆ ಕಳೆ ಬೆಳೆದು ಎಲ್ಲರಿಗೂ ಕಾಣುತ್ತದೆಂಬ ಭಯದಿಂದ ಅವನು ಸಾಮಾನ್ಯವಾಗಿ ಸ್ವಲ್ಪ ಮೇಲೆ ಮೇಲೆಯೇ ಹಾಯಿಸುತ್ತಾನೆ.

ಈ "ಸ್ವಲ್ಪ" ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಬೂಮಿನ ಅಗಲ 9 ಮೀಟರು ಇದ್ದು ಪ್ರತಿ ಸುತ್ತಿನಲ್ಲಿ 60 ಸೆಂ.ಮೀ. ಹಿಂದಿನ ಸುತ್ತಿನ ಮೇಲೆ ಬಿದ್ದರೆ, ನಿಜವಾದ ಕೆಲಸದ ಅಗಲ 8.4 ಮೀಟರು ಮಾತ್ರ. 10 ಎಕರೆಯ ಹೊಲದಲ್ಲಿ ಟ್ರ್ಯಾಕ್ಟರು ಸುಮಾರು 320 ಮೀಟರು ಹೆಚ್ಚಿಗೆ ಓಡುತ್ತದೆ ಮತ್ತು ಸುಮಾರು 28 ಗುಂಟೆ ನೆಲಕ್ಕೆ ಎರಡು ಸಲ ಔಷಧ ಬೀಳುತ್ತದೆ. ಔಷಧದ ಖರ್ಚು ಶೇಕಡ 7ರಷ್ಟು ಏರುತ್ತದೆ. ಹಣಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಇಮ್ಮಡಿ ಪ್ರಮಾಣ ಬಿದ್ದ ಪಟ್ಟಿಯಲ್ಲಿ ಮೊಳಕೆ ಕುಂದಬಹುದು. ಅಟ್ರಜಿನ್ ಆದರೆ ಅದರ ಶೇಷ ಉಳಿದು ಮುಂದಿನ ದ್ವಿದಳ ಬೆಳೆಗೂ ಪೆಟ್ಟು ಕೊಡಬಹುದು.

ಇದನ್ನು ತಡೆಯಲು ಉಪಗ್ರಹಗಳ ಸಹಾಯದಿಂದ ಟ್ರ್ಯಾಕ್ಟರಿಗೆ ದಾರಿ ತೋರಿಸುವ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಬೆಲೆ ಕೇಳಿದರೆ ನಮ್ಮ ರೈತರು ಹಿಂದೆ ಸರಿಯುತ್ತಾರೆ. ಆದರೆ ಈ ಉಪಕರಣದ ಒಳಗಿರುವ ಭಾಗಗಳನ್ನು ಬಿಡಿಬಿಡಿಯಾಗಿ ತಂದು, ರೇಡಿಯೋ ರಿಪೇರಿ ಬಲ್ಲ ಒಬ್ಬರ ಮತ್ತು ಗಣಕಯಂತ್ರದ ಕ್ರಮವಿಧಿ ಬರೆಯಬಲ್ಲ ಒಬ್ಬ ವಿದ್ಯಾರ್ಥಿಯ ನೆರವಿನಿಂದ ಊರಿನಲ್ಲೇ ಜೋಡಿಸಿಕೊಳ್ಳಲು ಸಾಧ್ಯವಿದೆ. ಅದರ ವಿಧಾನವನ್ನೂ, ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾರಿನಿಂದ ಟ್ರ್ಯಾಕ್ಟರಿಗೆ

ವಾಹನಕ್ಕೆ ದಾರಿ ತೋರಿಸುವ ಯಂತ್ರ ಮೊದಲು ಬಂದದ್ದು ಕಾರಿಗೆ. 1981ರಲ್ಲಿ ಜಪಾನಿನ ಹೋಂಡಾ ಕಂಪನಿಯು ಅನಿಲದಿಂದ ಕೆಲಸ ಮಾಡುವ ಗೈರೋ ಮತ್ತು ಪಾರದರ್ಶಕ ಹಾಳೆಯ ನಕ್ಷೆಗಳಿದ್ದ ಉಪಕರಣವನ್ನು ಹೊರತಂದಿತು. 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಟ್ಯಾಕ್ ಎಂಬ ಸಂಸ್ಥೆಯ ಉಪಕರಣ ಮಾರಾಟಕ್ಕೆ ಬಂತು. ಅದರ ನಕ್ಷೆಗಳು ಹಾಡು ಕೇಳುವಂಥ ಕ್ಯಾಸೆಟ್ಟುಗಳಲ್ಲಿ ಇರುತ್ತಿದ್ದವು! ಈ ಎರಡಕ್ಕೂ ಉಪಗ್ರಹದ ಆಸರೆ ಇರಲಿಲ್ಲ. ವಾಹನ ಎಷ್ಟು ದೂರ ಹೋಯಿತು, ಎತ್ತ ತಿರುಗಿತು ಎಂಬ ಲೆಕ್ಕದ ಮೇಲೆಯೇ ನಡೆಯುತ್ತಿದ್ದವು.

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು. ಪೂರ್ಣ ವ್ಯವಸ್ಥೆ ಸಿದ್ಧವಾದದ್ದು 1995ರಲ್ಲಿ. ಆಗಲೂ ಸಾರ್ವಜನಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿದ್ದರು. ತಪ್ಪು 100 ಮೀಟರಿನವರೆಗೆ ಇರುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಅಡ್ಡಿಯನ್ನು ತೆಗೆದುಹಾಕಲಾಯಿತು. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಉಡಾಯಿಸಲಾಯಿತು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಪಥದರ್ಶನ ಕೇಂದ್ರವಿದೆ.

ಗಣಕಯಂತ್ರವೂ ಅಗ್ಗವಾಯಿತು. 2012ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗಣಕಯಂತ್ರ 35 ಡಾಲರಿಗೆ ಮಾರಾಟಕ್ಕೆ ಬಂತು. ಶಾಲಾ ಮಕ್ಕಳಿಗೆಂದು ಮಾಡಿದ ಈ ಹಲಗೆಯನ್ನು ಹವ್ಯಾಸಿಗಳು ಕಾರುಗಳಿಗೆ ಅಳವಡಿಸಿಕೊಂಡರು. ಕೆನಡಾದ ಆಲ್ಬರ್ಟಾ ಪ್ರಾಂತದ ರೈತ ಬ್ರಯಾನ್ ಟಿಶ್ಲರ್ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಟ್ರ್ಯಾಕ್ಟರಿಗೆ ದಾರಿ ತೋರಿಸುವ "ಆಗ್‌ಓಪನ್‌ಜಿಪಿಎಸ್" ಎಂಬ ಕ್ರಮವಿಧಿಯನ್ನು ತಾವೇ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ವಿಂಡೋಸ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ. ರೈತನೊಬ್ಬ ಬರೆದದ್ದಾದ್ದರಿಂದ ಅದರಲ್ಲಿ ಹೊಲದ ಕೆಲಸಕ್ಕೆ ಬೇಡದ ಅಲಂಕಾರ ಕಡಿಮೆ.

ಉಪಗ್ರಹ ಸ್ಥಳವನ್ನು ತಿಳಿಸುವ ಬಗೆ

ಉಪಗ್ರಹವು ನಮಗೆ ಸ್ಥಳ ಹೇಳುವುದಿಲ್ಲ. ತಾನಿರುವ ಜಾಗವನ್ನೂ ಸಮಯವನ್ನೂ ಹೇಳುತ್ತದೆ. ಸುಮಾರು 20,200 ಕಿ.ಮೀ. ಎತ್ತರದಿಂದ ಹೊರಟ ಸಂಕೇತ ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಬೇಕು. ಎಷ್ಟು ತಡವಾಗಿ ಬಂತೆಂಬುದರಿಂದ ದೂರ ತಿಳಿಯುತ್ತದೆ. ನಮ್ಮ ಗ್ರಾಹಕದ ಗಡಿಯಾರ ಅಷ್ಟು ನಿಖರವಲ್ಲವಾದ್ದರಿಂದ, ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ಸಮಯವನ್ನೂ ಕಂಡುಹಿಡಿಯಬೇಕಾಗುತ್ತದೆ. ಹೀಗಾಗಿ ಕಡಿಮೆಯೆಂದರೆ ನಾಲ್ಕು ಉಪಗ್ರಹಗಳು ಕಾಣಬೇಕು. ಸಮಯದಲ್ಲಿ ಸೆಕೆಂಡಿನ ನೂರು ಕೋಟಿಯ ಒಂದು ಭಾಗ ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ತಪ್ಪುತ್ತದೆ. ಸಂಕೇತವು ಮರ, ಗೋಡೆ, ತಗಡಿನ ಚಾವಣಿಗೆ ಬಡಿದು ಸುತ್ತಿ ಬಂದರೂ ಇದೇ ಗತಿ. ತೆಂಗು, ಅಡಿಕೆ ತೋಟದೊಳಗೆ ಈ ಉಪಕರಣವನ್ನು ನಂಬುವಂತಿಲ್ಲ.

ಯಾವ ಕೆಲಸಕ್ಕೆ ಯಾವ ಗ್ರಾಹಕ

ಹಣ ಹಾಕುವ ಮುನ್ನ ಯೋಚಿಸಬೇಕಾದ ಮುಖ್ಯ ವಿಷಯ ಇದು. ಅನೇಕರು ದೊಡ್ಡ ಪರದೆಯ ಗಣಕಯಂತ್ರಕ್ಕೆ ಹಣ ಸುರಿದು, ಗ್ರಾಹಕವನ್ನು ಅಗ್ಗದ್ದು ಕೊಳ್ಳುತ್ತಾರೆ. ಇದು ತಲೆಕೆಳಗಾದ ಕ್ರಮ. ಲೆಕ್ಕ ಮಾಡುವ ಕೆಲಸ ಬಹಳ ಚಿಕ್ಕದು. ಹಳೆಯ ಯಂತ್ರವೂ ಸಾಕು. ಗ್ರಾಹಕ ಮತ್ತು ಆಂಟೆನಾ ಕೊಡುವ ಸ್ಥಾನ ತಪ್ಪಾಗಿದ್ದರೆ ಎಂಥ ಗಣಕಯಂತ್ರವೂ ಅದನ್ನು ಸರಿಪಡಿಸಲಾರದು.

ಸಾವಿರ ಎರಡು ಸಾವಿರ ರೂಪಾಯಿಗೆ ಸಿಗುವ, ಯು-ಬ್ಲಾಕ್ಸ್ ಕಂಪನಿಯ ನಿಯೋ ಜಾತಿಯ ಗ್ರಾಹಕಗಳ ನಿಖರತೆ ಸುಮಾರು 2.5 ಮೀಟರು. ರಸ್ತೆಯಲ್ಲಿ ಕಾರು ಅಥವಾ ಜೀಪಿಗೆ ಇದು ಧಾರಾಳ ಸಾಕು. ಹೊಲದ ವಿಸ್ತೀರ್ಣದ ಅಂದಾಜಿಗೆ, 12 ಮೀಟರಿಗೂ ಅಗಲವಾಗಿ ಗೊಬ್ಬರ ಎರಚುವ ಯಂತ್ರಕ್ಕೆ ನಡೆಯುತ್ತದೆ. ಈ ತಪ್ಪು ಕ್ಷಣಕ್ಷಣಕ್ಕೂ ಜಿಗಿಯುವುದಿಲ್ಲ, ನಿಧಾನವಾಗಿ ಜರುಗುತ್ತದೆ. ಆದ್ದರಿಂದ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ವ್ಯತ್ಯಾಸ ಇದಕ್ಕಿಂತ ಕಡಿಮೆ. ನಮ್ಮ ಗಗನ್ ವ್ಯವಸ್ಥೆಯು ಜಿಸ್ಯಾಟ್-8, 10 ಮತ್ತು 15 ಉಪಗ್ರಹಗಳ ಮೂಲಕ ಬಿತ್ತರಿಸುವ ತಿದ್ದುಪಡಿಯನ್ನು ಬಳಸಿಕೊಂಡರೆ ಇನ್ನೂ ಸ್ವಲ್ಪ ಸುಧಾರಿಸುತ್ತದೆ, ಇದಕ್ಕೆ ಶುಲ್ಕವಿಲ್ಲ. ಆದರೂ 60 ಸೆಂ.ಮೀ. ಪೋಲಾಗುವುದನ್ನು ತಪ್ಪಿಸಲು ಹೊರಟವರಿಗೆ ಇದು ಸಾಲದು. ಚಾಲಕನ ಕಣ್ಣಂದಾಜೇ ಇದಕ್ಕಿಂತ ಮೇಲು.

ಬೂಮ್ ಸಿಂಪರಣೆಗೆ ಮತ್ತು ಸಾಲು ಬಿತ್ತನೆಗೆ ಎರಡು ತರಂಗಾಂತರಗಳನ್ನು ಹಿಡಿಯುವ, ತಿದ್ದುಪಡಿ ಸ್ವೀಕರಿಸುವ ಗ್ರಾಹಕ ಬೇಕು. ಅದೇ ಕಂಪನಿಯ ಜೆಡ್-ಎಫ್9ಪಿ ಎಂಬುದು ಹವ್ಯಾಸಿಗಳಲ್ಲಿ ಬಳಕೆಯಲ್ಲಿದೆ. ಆಂಟೆನಾ ಸೇರಿ ಇಪ್ಪತ್ತು ಸಾವಿರ ರೂಪಾಯಿಯ ಆಚೆಈಚೆ ಆಗುತ್ತದೆ; ಕೊಳ್ಳುವ ದಿನ ಬೆಲೆ ವಿಚಾರಿಸಿಕೊಳ್ಳಬೇಕು. ಇದು ಸಂಕೇತ ತಡವಾದ ಕಾಲವನ್ನಷ್ಟೇ ಅಲ್ಲ, ಸುಮಾರು 19 ಸೆಂ.ಮೀ. ಉದ್ದದ ರೇಡಿಯೋ ಅಲೆಗಳನ್ನೇ ಎಣಿಸಿ ಅದರ ಭಾಗವನ್ನೂ ಅಳೆಯುತ್ತದೆ. ಸ್ಥಾನ ಮೊದಲೇ ತಿಳಿದಿರುವ ಒಂದು ನೆಲದ ಕೇಂದ್ರ ಅದೇ ಉಪಗ್ರಹಗಳನ್ನು ನೋಡುತ್ತಿದ್ದು ತನ್ನ ಅಳತೆಗಳನ್ನು ಕಳುಹಿಸಿಕೊಟ್ಟರೆ, ಎರಡನ್ನೂ ಹೋಲಿಸಿ ಕೆಲವೇ ಸೆಂಟಿಮೀಟರುಗಳ ಒಳಗೆ ಸ್ಥಾನ ಹೇಳುತ್ತದೆ.

ನೆಲದ ಕೇಂದ್ರಗಳ ಜಾಲವನ್ನು ಭಾರತೀಯ ಸರ್ವೇಕ್ಷಣ ಇಲಾಖೆ ಸ್ಥಾಪಿಸಿದೆ. ಮೊದಲ ಹಂತದಲ್ಲೇ ಕರ್ನಾಟಕ ಸೇರಿತ್ತು. ನೋಂದಾಯಿಸಿಕೊಂಡವರು ಮೊಬೈಲ್ ಫೋನಿನ ಇಂಟರ್‌ನೆಟ್ ಮೂಲಕ ತಿದ್ದುಪಡಿ ಪಡೆಯಬಹುದು. ಫೋನಿನ ಸಂಪರ್ಕ ದುರ್ಬಲವಾದ ಊರುಗಳಲ್ಲಿ ಇಂಥದೇ ಇನ್ನೊಂದು ಗ್ರಾಹಕವನ್ನು ಮನೆಯ ಮಾಳಿಗೆಯ ಮೇಲೆ ಭದ್ರವಾಗಿ ನಿಲ್ಲಿಸಿ, ರೇಡಿಯೋ ಮೂಲಕ ತಿದ್ದುಪಡಿ ಕಳುಹಿಸಬಹುದು. ರೇಡಿಯೋ ಕೊಳ್ಳುವಾಗ ಜಾಗ್ರತೆ ಇರಲಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಗೊತ್ತುಪಡಿಸಿದ ಶಕ್ತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದು. ಅಮೆರಿಕಕ್ಕೆಂದು ಮಾಡಿದ 915 ಮೆಗಾಹರ್ಟ್ಸ್ ರೇಡಿಯೋಗಳಿಗೆ ಇಲ್ಲಿ ಆ ವಿನಾಯಿತಿ ಇಲ್ಲ.

ಜೋಡಣೆ

ಆಂಟೆನಾವನ್ನು ಟ್ರ್ಯಾಕ್ಟರಿನ ಚಾವಣಿಯ ಮೇಲೆ, ಕನಿಷ್ಠ 10 ಸೆಂ.ಮೀ. ಅಗಲದ ಲೋಹದ ತಗಡಿನ ಮಧ್ಯೆ ಕೂರಿಸಬೇಕು. ತಗಡು ಕೆಳಗಿನಿಂದ ಪ್ರತಿಫಲಿಸಿ ಬರುವ ಸಂಕೇತವನ್ನು ತಡೆಯುತ್ತದೆ. ಆಂಟೆನಾ ಸರಿಯಾಗಿ ಟ್ರ್ಯಾಕ್ಟರಿನ ನಡುರೇಖೆಯ ಮೇಲೆ ಇರಬೇಕು. 20 ಸೆಂ.ಮೀ. ಪಕ್ಕಕ್ಕೆ ಸರಿದಿದ್ದರೆ, ಹೋಗುವಾಗ ಒಂದು ಕಡೆಗೂ ಬರುವಾಗ ಇನ್ನೊಂದು ಕಡೆಗೂ ಜರುಗಿ, ಒಂದು ಸಂದಿಯಲ್ಲಿ 40 ಸೆಂ.ಮೀ. ಬಿಟ್ಟುಹೋಗುತ್ತದೆ, ಮರುಸಂದಿಯಲ್ಲಿ ಅಷ್ಟೇ ಮೇಲೆ ಬೀಳುತ್ತದೆ. ಉಪಕರಣವೇ ಕೆಟ್ಟಿದೆ ಎಂದು ದೂರುವವರ ಟ್ರ್ಯಾಕ್ಟರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನು. ಓರೆ ನೆಲದಲ್ಲಿ ಇನ್ನೊಂದು ತೊಡಕಿದೆ: 2.5 ಮೀಟರು ಎತ್ತರದ ಆಂಟೆನಾ 3 ಡಿಗ್ರಿ ವಾಲಿದರೆ 13 ಸೆಂ.ಮೀ. ಸರಿಯುತ್ತದೆ. ಇಳಿಜಾರು ಹೊಲಗಳಿದ್ದವರು ವಾಲುವಿಕೆ ಅಳೆಯುವ ಚಿಕ್ಕ ಸಂವೇದಕವನ್ನೂ ಸೇರಿಸಿಕೊಳ್ಳಬೇಕು.

ವಿದ್ಯುತ್ತು ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಭಾಗ. ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟು ಎಂದು ಹೆಸರು. ಎಂಜಿನ್ ಓಡುವಾಗ 14 ದಾಟುತ್ತದೆ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಕುಸಿಯುತ್ತದೆ. ಓಡುತ್ತಿರುವಾಗ ಬ್ಯಾಟರಿಯ ತಂತಿ ಸಡಿಲವಾಗಿ ಕಳಚಿದರೆ ಆಲ್ಟರ್ನೇಟರಿನಿಂದ ಹಲವು ಹತ್ತು ವೋಲ್ಟುಗಳ ಹೊಡೆತ ಬರುತ್ತದೆ. ರಾಸ್ಪ್‌ಬೆರಿ ಪೈ 4ಕ್ಕೆ ಬೇಕಾದ್ದು 5 ವೋಲ್ಟು, 3 ಆಂಪಿಯರು. ವಾಹನಗಳಿಗೆಂದೇ ಮಾಡಿದ ಒಳ್ಳೆಯ ಪರಿವರ್ತಕವನ್ನು ಕೊಂಡು, ಅದರ ಮುಂದೆ ಹೊಡೆತ ಹೀರುವ ಡಯೋಡನ್ನೂ, ಬ್ಯಾಟರಿಯ ಬಳಿಯಲ್ಲೇ 3 ಆಂಪಿಯರಿನ ಫ್ಯೂಸನ್ನೂ ಹಾಕಬೇಕು. ತಂತಿಯನ್ನು ನೇರವಾಗಿ ಬ್ಯಾಟರಿಯಿಂದ ಎಳೆಯಬೇಕು, ಸ್ಟಾರ್ಟರಿನ ಅಥವಾ ದೀಪದ ತಂತಿಗೆ ಗಂಟು ಹಾಕಬಾರದು. ಕೀಲಿ ತಿರುಗಿಸಿ ಒಮ್ಮೆಲೇ ವಿದ್ಯುತ್ತು ಕಡಿದರೆ ಗಣಕಯಂತ್ರದ ನೆನಪಿನ ಕಾರ್ಡು ಕೆಡುತ್ತದೆ. ಮೊದಲು ಯಂತ್ರವನ್ನು ಕ್ರಮವಾಗಿ ಮುಚ್ಚುವ ಗುಂಡಿ ಒಂದಿರಲಿ.

ಪೆಟ್ಟಿಗೆ ಲೋಹದ್ದಾಗಿ, ಬಿಳಿ ಬಣ್ಣದ್ದಾಗಿ ಇದ್ದರೆ ಒಳ್ಳೆಯದು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಪೆಟ್ಟಿಗೆಯೊಳಗಿನ ಪೈ 80 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿ ತಾನಾಗಿಯೇ ನಿಧಾನವಾಗುತ್ತದೆ. ಧೂಳು ಹೋಗದಂತೆ ರಬ್ಬರ್ ಅಂಚು, ಅದುರದಂತೆ ಕೆಳಗೆ ಹಳೆಯ ಟ್ಯೂಬಿನ ತುಂಡು ಸಾಕು. ಪೈಯ ಕಾಲುಗಳು 3.3 ವೋಲ್ಟನ್ನು ಮಾತ್ರ ತಡೆಯಬಲ್ಲವು ಎಂಬುದನ್ನು ಜೋಡಿಸುವವರಿಗೆ ಒತ್ತಿ ಹೇಳಬೇಕು. ಅಲ್ಲಿಗೆ 5 ವೋಲ್ಟು ತಗುಲಿಸಿದರೆ ಹಲಗೆ ಹಾಳಾಗುತ್ತದೆ.

ಗ್ರಾಹಕದ ಮಾತನ್ನು ಓದುವುದು

ಗ್ರಾಹಕವು ಎನ್.ಎಂ.ಇ.ಎ. ಎಂಬ ಮಾದರಿಯ ಸಾಲುಗಳನ್ನು ಒಂದೇ ಸಮನೆ ಕಳುಹಿಸುತ್ತಿರುತ್ತದೆ. ನಮಗೆ ಬೇಕಾದ್ದು ಎರಡೇ: ಸ್ಥಾನ ತಿಳಿಸುವ ಜಿ.ಜಿ.ಎ. ಸಾಲು, ವೇಗ ಮತ್ತು ದಿಕ್ಕು ತಿಳಿಸುವ ವಿ.ಟಿ.ಜಿ. ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಬರುವಂತೆ ಇಟ್ಟಿರುತ್ತಾರೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರು ಸೆಕೆಂಡಿಗೆ 1.4 ಮೀಟರು ಸರಿದಿರುತ್ತದೆ. ಅಷ್ಟರಲ್ಲಿ ಚಾಲಕ ದಾರಿ ತಪ್ಪಿರುತ್ತಾನೆ. ಸೆಕೆಂಡಿಗೆ 10 ಸಲ ಬರುವಂತೆ ಮಾಡಿಕೊಂಡರೆ ಅಂತರ 14 ಸೆಂ.ಮೀ.ಗೆ ಇಳಿಯುತ್ತದೆ. ಆಗ ಹಳೆಯ 9,600 ವೇಗದ ಸಂಪರ್ಕ ಸಾಲದೆ ಸಾಲುಗಳು ತುಂಡಾಗುತ್ತವೆ; ಅದನ್ನು 1,15,200ಕ್ಕೆ ಏರಿಸಿ, ಬೇಡದ ಸಾಲುಗಳನ್ನು ನಿಲ್ಲಿಸಬೇಕು.

ಅಕ್ಷಾಂಶವು ಡಿಗ್ರಿ ಮತ್ತು ಮಿನಿಟುಗಳನ್ನು ಒಟ್ಟಿಗೆ ಬರೆದ ರೂಪದಲ್ಲಿರುತ್ತದೆ. 1516.5 ಎಂದಿದ್ದರೆ ಅದು 15.165 ಡಿಗ್ರಿಯಲ್ಲ, 15 ಡಿಗ್ರಿ 16.5 ಮಿನಿಟು, ಅಂದರೆ 15.275 ಡಿಗ್ರಿ. ಇನ್ನೊಂದು ಮಾತು. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1,850 ಮೀಟರು. ಬಿಂದುವಿನ ನಂತರ ನಾಲ್ಕು ಅಂಕೆಗಳು ಮಾತ್ರ ಇದ್ದರೆ ಕೊನೆಯ ಅಂಕೆ 18 ಸೆಂ.ಮೀ.ಗೆ ಸಮ. ಸೆಂಟಿಮೀಟರಿನ ನಿಖರತೆ ಬೇಕಾದವರು ಹೆಚ್ಚು ಅಂಕೆಗಳು ಬರುವಂತೆ ಗ್ರಾಹಕವನ್ನು ಹೊಂದಿಸಬೇಕು.

ಜಿ.ಜಿ.ಎ. ಸಾಲಿನಲ್ಲಿ ಗುಣಮಟ್ಟ ಸೂಚಿಸುವ ಒಂದು ಅಂಕೆಯಿದೆ. 1 ಎಂದರೆ ಬರಿಯ ಉಪಗ್ರಹ, 2 ಎಂದರೆ ಗಗನ್‌ನಂಥ ತಿದ್ದುಪಡಿ, 5 ಎಂದರೆ ಅಲೆಗಳ ಎಣಿಕೆ ಇನ್ನೂ ಖಚಿತವಾಗಿಲ್ಲ, 4 ಎಂದರೆ ಖಚಿತವಾಗಿದೆ. 5ಕ್ಕಿಂತ 4 ಉತ್ತಮ ಎಂಬುದನ್ನು ನೆನಪಿಡಬೇಕು. ಈ ಅಂಕೆಯನ್ನು ಚಾಲಕನ ಕಣ್ಣೆದುರು ದೊಡ್ಡದಾಗಿ ತೋರಿಸಿ, 4 ಹೋದ ಕೂಡಲೇ ಗಂಟೆ ಬಾರಿಸುವಂತೆ ಮಾಡಬೇಕು.

ಸಾಲಿನ ಲೆಕ್ಕ

ಹೊಲದ ಒಂದು ಅಂಚಿನಲ್ಲಿ ಮೊದಲ ಸುತ್ತನ್ನು ನೇರವಾಗಿ ಹೊಡೆದು, ಆರಂಭದಲ್ಲಿ "ಅ" ಎಂದೂ ಕೊನೆಯಲ್ಲಿ "ಬ" ಎಂದೂ ಗುಂಡಿ ಒತ್ತಿ ಗುರುತಿಸಬೇಕು. ಮುಂದಿನ ಸುತ್ತುಗಳೆಲ್ಲ ಈ ಗೆರೆಗೆ ಸಮಾನಾಂತರ. ನಮ್ಮ 15ನೆಯ ಅಕ್ಷಾಂಶದ ಬಳಿ ಉತ್ತರ-ದಕ್ಷಿಣದ ಒಂದು ಡಿಗ್ರಿಗೆ 110.6 ಕಿ.ಮೀ., ಪೂರ್ವ-ಪಶ್ಚಿಮದ ಒಂದು ಡಿಗ್ರಿಗೆ 107.5 ಕಿ.ಮೀ. ಎಂದು ಹಿಡಿದು ಎಲ್ಲವನ್ನೂ "ಅ"ದಿಂದ ಮೀಟರುಗಳಿಗೆ ಇಳಿಸಿದರೆ ಒಂದು ಹೊಲದ ಮಟ್ಟಿಗೆ ಸಾಕು.

ಉದಾಹರಣೆಗೆ, "ಬ"ವು "ಅ"ದಿಂದ 30 ಮೀಟರು ಪೂರ್ವಕ್ಕೆ, 400 ಮೀಟರು ಉತ್ತರಕ್ಕೆ ಇದೆ; ಗೆರೆಯ ಉದ್ದ 401.1 ಮೀಟರು. ಟ್ರ್ಯಾಕ್ಟರು 42.5 ಮೀಟರು ಪೂರ್ವಕ್ಕೆ, 200 ಮೀಟರು ಉತ್ತರಕ್ಕೆ ನಿಂತಿದೆ. 42.5ನ್ನು 400ರಿಂದ ಗುಣಿಸಿ, ಅದರಿಂದ 200 ಮತ್ತು 30ರ ಗುಣಲಬ್ಧವನ್ನು ಕಳೆದು, 401.1ರಿಂದ ಭಾಗಿಸಿದರೆ 27.42 ಬರುತ್ತದೆ. ಇದು ಗೆರೆಯಿಂದ ಬಲಕ್ಕೆ ಇರುವ ದೂರ. ಬೂಮಿನ ಅಗಲ 9 ಮೀಟರಾದರೆ ಮೂರನೆಯ ಸಮಾನಾಂತರ ಗೆರೆ 27 ಮೀಟರಿನಲ್ಲಿದೆ. ಟ್ರ್ಯಾಕ್ಟರು 42 ಸೆಂ.ಮೀ. ಬಲಕ್ಕೆ ಸರಿದಿದೆ, ಎಡಕ್ಕೆ ಬರಬೇಕು. ಲೆಕ್ಕ ಇಷ್ಟೇ, ಇದನ್ನು ಸೆಕೆಂಡಿಗೆ ಹತ್ತು ಸಲ ಮಾಡುವುದು ಗಣಕಯಂತ್ರದ ಕೆಲಸ.

ಉತ್ತರವನ್ನು ಒಂದು ಸಾಲಿನ ದೀಪಗಳಲ್ಲಿ ತೋರಿಸುವುದು ಪರದೆಗಿಂತ ವಾಸಿ. ನಡುವೆ ಹಸಿರು, ಎರಡೂ ಕಡೆ ಮೂರು ಮೂರು ಕೆಂಪು. ಒಂದೊಂದು ಕೆಂಪು ದೀಪಕ್ಕೆ 10 ಸೆಂ.ಮೀ. ದೀಪ ಉರಿದ ಕಡೆಗೆ ತಿರುಗಿಸಬೇಕು ಎಂಬ ನಿಯಮವನ್ನು ಪೆಟ್ಟಿಗೆಯ ಮೇಲೆ ಬರೆದಿಡಿ. ಪ್ರತಿ ದೀಪಕ್ಕೂ 330 ಓಮ್‌ನ ರೋಧಕ ಇರಲಿ. ಮರಳಿ ಬರುವ ಸುತ್ತಿನಲ್ಲಿ ಎಡ ಬಲ ಅದಲುಬದಲಾಗುತ್ತವೆ, ವಿ.ಟಿ.ಜಿ. ಸಾಲಿನ ದಿಕ್ಕನ್ನು ನೋಡಿ ತಿರುಗಿಸಿಕೊಳ್ಳುವಂತೆ ಕ್ರಮವಿಧಿ ಬರೆಯಬೇಕು. ಟ್ರ್ಯಾಕ್ಟರು ನಿಂತಿರುವಾಗ ಆ ದಿಕ್ಕಿಗೆ ಅರ್ಥವಿಲ್ಲ. ಇಷ್ಟೆಲ್ಲ ಬರೆಯಲು ಜನ ಸಿಗದವರು ಹಳೆಯ ಲ್ಯಾಪ್‌ಟಾಪಿನಲ್ಲಿ ಟಿಶ್ಲರ್ ಅವರ ಕ್ರಮವಿಧಿ ಹಾಕಿಕೊಳ್ಳುವುದು ಲೇಸು.

ಚಾಲನ ಚಕ್ರಕ್ಕೆ ಮೋಟಾರು ಕಟ್ಟಿ ತಾನೇ ತಿರುಗುವಂತೆ ಮಾಡುವುದೂ ಸಾಧ್ಯ. ನಮ್ಮ ಸಲಹೆ: ಒಂದು ಹಂಗಾಮಾದರೂ ದೀಪದ ಸಾಲಿನಲ್ಲೇ ಕೆಲಸ ಮಾಡಿ. ಬದುವು, ತೆರೆದ ಬಾವಿ, ವಿದ್ಯುತ್ ಕಂಬ, ಹೊಲದಲ್ಲಿ ಓಡಾಡುವ ಮಕ್ಕಳು, ಇವು ಯಾವುವೂ ಉಪಗ್ರಹಕ್ಕೆ ಕಾಣುವುದಿಲ್ಲ. ಮೋಟಾರು ಹಾಕಿದ ಮೇಲೂ ಚಾಲಕ ಆಸನ ಬಿಟ್ಟು ಏಳಕೂಡದು; ಎದ್ದರೆ ಮೋಟಾರಿನ ವಿದ್ಯುತ್ತು ಕಡಿಯುವ ಸ್ವಿಚ್ಚು ಆಸನದ ಕೆಳಗೆ ಇರಲೇಬೇಕು. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಬಳಸಲೇಬಾರದು.

ಯಾರಿಗೆ ಉಪಯುಕ್ತ

ಎರಡು ಮೂರು ಎಕರೆ ಹಿಡುವಳಿಯವರು ಇದಕ್ಕೆ ಹಣ ಹಾಕುವುದು ಬೇಡ. ಎರಡೂ ತುದಿಗೆ ಗೂಟ ನೆಟ್ಟು, ಬೂಮಿನ ಅಗಲಕ್ಕೆ ಹಗ್ಗದಿಂದ ಅಳೆದು ಬಾವುಟ ಹಾಕಿದರೆ ಅದೇ ಫಲ. ಗದಗ, ವಿಜಯಪುರ, ಕಲಬುರಗಿಯಂಥ ಕಡೆಗಳಲ್ಲಿ ದೊಡ್ಡ ತಾಕುಗಳಿದ್ದವರಿಗೆ, ಹಂಗಾಮಿನಲ್ಲಿ ನೂರಾರು ಎಕರೆ ಬಾಡಿಗೆಗೆ ಸಿಂಪಡಿಸುವವರಿಗೆ, ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಗೆ ಮತ್ತು ಸಹಕಾರ ಸಂಘಗಳಿಗೆ ಇದು ಲಾಭದಾಯಕ. ಪ್ರತಿ ವರ್ಷ ಅದೇ ಗಾಲಿ ಜಾಡಿನಲ್ಲಿ ಓಡಿಸಲು ಬರುವುದರಿಂದ ಕಪ್ಪು ಭೂಮಿ ಎಲ್ಲೆಡೆ ಗಟ್ಟಿಯಾಗುವುದೂ ತಪ್ಪುತ್ತದೆ.

ಇದೇ ಪೆಟ್ಟಿಗೆಯನ್ನು ಜೀಪಿಗೋ ಸರಕು ಗಾಡಿಗೋ ಬದಲಾಯಿಸಿ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯನ್ನು ತುಂಬಿಕೊಂಡರೆ ಫೋನಿನ ಸಂಪರ್ಕವಿಲ್ಲದ ಕಡೆಯೂ ದಾರಿ ನೋಡಬಹುದು. ಅದರಲ್ಲಿ ಇಲ್ಲದ ಬಂಡಿದಾರಿಯನ್ನು ನಾವೇ ಸೇರಿಸಲೂ ಬರುತ್ತದೆ. ಆದರೆ ಬದುವಿನ ಜಗಳ ತೀರಿಸಲು ಈ ಪೆಟ್ಟಿಗೆಯನ್ನು ಹೊರತೆಗೆಯಬೇಡಿ. ಅಗ್ಗದ ಗ್ರಾಹಕ ಎರಡೂವರೆ ಮೀಟರು ತಪ್ಪಬಹುದು, ನಿಖರ ಗ್ರಾಹಕಕ್ಕೂ ಕಾನೂನಿನ ಮನ್ನಣೆಯಿಲ್ಲ. ಹದ್ದುಬಸ್ತು ಮಾಡಬೇಕಾದವರು ಸರ್ಕಾರಿ ಭೂಮಾಪಕರು.

ಪರೀಕ್ಷೆ ಮತ್ತು ಸಮಯ

ಔಷಧ ತುಂಬುವ ಮೊದಲು ಬರಿಯ ನೀರಿನಲ್ಲಿ ಪರೀಕ್ಷಿಸಬೇಕು. ಬಯಲಿನಲ್ಲಿ ಎರಡು ಗೂಟ ನೆಟ್ಟು ಅವುಗಳ ನಡುವೆ "ಅ-ಬ" ಗೆರೆ ಗುರುತಿಸಿ, ಅರ್ಧ ಗಂಟೆ ಬಿಟ್ಟು ಅದೇ ಗೆರೆಯ ಮೇಲೆ ಮತ್ತೆ ಓಡಿಸಿ, ಗಾಲಿಯ ಅಚ್ಚು ಎಷ್ಟು ಸರಿಯಿತೆಂದು ಟೇಪಿನಿಂದ ಅಳೆಯಿರಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಆ ಅಳತೆಯೇ ನಿಮ್ಮ ಉಪಕರಣದ ನಿಜವಾದ ನಿಖರತೆ. ಡಬ್ಬಿಯ ಮೇಲೆ ಬರೆದದ್ದಲ್ಲ.

ಸಂಜೆಯ ಕೆಲಸದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ನಾಡು ಭೂಕಾಂತದ ಸಮಭಾಜಕಕ್ಕೆ ಹತ್ತಿರವಿರುವುದರಿಂದ, ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯವರೆಗೆ ಮೇಲಿನ ಅಯಾನು ಪದರ ಕದಡಿ ಸಂಕೇತಗಳು ಮಿನುಗುತ್ತವೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ, ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಇದು ಜಾಸ್ತಿ. ಹಿಂಗಾರಿಯ ಬಿತ್ತನೆಯ ಕಾಲವೂ ಅದೇ. ಗಾಳಿ ತಗ್ಗಲೆಂದು ಕತ್ತಲಾಗುವವರೆಗೆ ಕಾದು ಸಿಂಪಡಿಸುವವರು, ಪೆಟ್ಟಿಗೆಯ ಮೇಲಿನ ಅಂಕೆ 4ರಿಂದ 5ಕ್ಕೆ, 5ರಿಂದ 1ಕ್ಕೆ ಜಾರತೊಡಗಿದರೆ ಬೂಮನ್ನು ನಿಲ್ಲಿಸಿ, ಉಳಿದ ಸುತ್ತುಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಬೇಕು. "ಅ-ಬ" ಗೆರೆ ಗಣಕಯಂತ್ರದ ನೆನಪಿನಲ್ಲಿರುವುದರಿಂದ ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಆರಂಭಿಸಬಹುದು.